ಬಾರದ ದೆವ್ವದೊಡನೆ ಜಪಾನಿಗೆ

ಹೊರಡುವ ಮುನ್ನ

ಜಪಾನಿಗೆ ಹೋಗಿಬಂದವರು ಅಲ್ಲಿನ ರೈಲು, ಹೂವು, ಶಿಸ್ತು ಇವುಗಳ ಬಗ್ಗೆ ಬರೆಯುವುದು ವಾಡಿಕೆ. ನಾನು ಹೋದದ್ದು ಒಂದು ದೆವ್ವವನ್ನು ಜೊತೆಗೆ ಕರೆದುಕೊಂಡು. ದಾರಿಯುದ್ದಕ್ಕೂ ನನ್ನ ಗಮನ ದೆವ್ವದ ಯೋಗಕ್ಷೇಮದ ಮೇಲಿದ್ದುದರಿಂದ ರೈಲಿಗೂ ಹೂವಿಗೂ ಅನ್ಯಾಯವಾಗಿದ್ದರೆ ಓದುಗರು ಮನ್ನಿಸಬೇಕು.

ದೆವ್ವದ ಹೆಸರು ಚಿಕ್ಕಣ್ಣ. ನಾನು ಮೇಷ್ಟ್ರಾಗಿರುವ ವಿರೂಪಾಕ್ಷಿಪುರದವನೇ. ಕುರಿ ಸಾಕುವ ಮನೆತನ. ಮೀಸೆ ನರೆತ ಮೇಲೂ ನಾಟಕದಲ್ಲಿ ಹೆಣ್ಣು ಪಾತ್ರ ಬಿಡದವನು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಹಾಗೆಯೇ ತೆಗೆಯುತ್ತಿದ್ದ. ರೇಷ್ಮೆಗೂಡಿಗೆ ಬಂಗಾರದ ಬೆಲೆ ಬಂದು, ನಮ್ಮ ಕಡೆ ಸೈಕಲ್ಲಿನವರೆಲ್ಲ ಸ್ಕೂಟರಿನವರಾಗಿ, ಸ್ಕೂಟರಿನವರಿಗೆ ಮುಂದೇನು ಮಾಡಬೇಕೆಂದು ತೋಚದೆ ಇದ್ದ ಕಾಲದಲ್ಲಿ ರಾಮನಗರದ ನಾಲ್ಕು ಮಂದಿ ಗೂಡಿನ ವ್ಯಾಪಾರಿಗಳು ಸೇರಿ ಒಂದು ಸಿನಿಮಾ ತೆಗೆದರು. ವ್ಯಾಕರಣ ಬಲ್ಲವನೆಂಬ ಒಂದೇ ಅರ್ಹತೆಯ ಮೇಲೆ ನಿರ್ದೇಶನವನ್ನು ನನಗೆ ಒಪ್ಪಿಸಿದರು. ಚಿತ್ರದ ಹೆಸರು ‘ಹುಣಸೆಮರದ ರುದ್ರವ್ವ’. ಬಿಳಿ ಸೀರೆ ಉಟ್ಟ ಚಿಕ್ಕಣ್ಣ ಬಂಡೆಯಿಂದ ಬಂಡೆಗೆ ನೆಗೆದು ಕಿರುಚಿದ. ಜನ ಹೆದರಿದರು, ಖುಷಿಪಟ್ಟರು, ಇನ್ನೊಂದು ತೆಗೆಯಿರಿ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಪ್ರವಾಸ ಕಥನ ಬರೆಯಬೇಕಾಗಿರಲಿಲ್ಲ.

ಎರಡನೆಯ ಭಾಗದ ಹೆಸರು ‘ಮತ್ತೆ ಬಂದಳು ರುದ್ರವ್ವ’. ದೆವ್ವವನ್ನು ಕೊನೆಯ ದೃಶ್ಯದ ತನಕ ಬಚ್ಚಿಡಬೇಕೆಂದು ನಾನು ಎಲ್ಲೋ ಓದಿದ್ದೆ. ಹಾಗೆಯೇ ಬಚ್ಚಿಟ್ಟೆ. ಕೊನೆಯ ದೃಶ್ಯ ನಡೆಯಬೇಕಾದದ್ದು ಕೋಡಿಹಳ್ಳಿಯಲ್ಲಿ, ನನ್ನ ಅತ್ತೆ ರೇಷ್ಮೆ ಸಾಕುವ ಹುಳುಮನೆಯಲ್ಲಿ. ಹುಳು ಪೊರೆ ಕಳಚಲು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಹಗಲು ರಾತ್ರಿ ಮೇಯುವುದೊಂದೇ ಕೆಲಸ. ಆ ಸದ್ದು ಹೆಂಚಿನ ಮೇಲೆ ಸೋನೆಮಳೆ ಹಿಡಿದ ಹಾಗಿರುತ್ತದೆ. ಆ ವಾರ ಹುಳುಮನೆಗೆ ಹೊರಗಿನವರು ಕಾಲಿಡಬಾರದು, ಒಗ್ಗರಣೆಯ ಘಾಟು ಸುಳಿಯಬಾರದು, ಪೌಡರು ಸೆಂಟು ಹತ್ತಿರ ಬರಬಾರದು. ನಾವು ಶೂಟಿಂಗಿಗೆ ಹೋದದ್ದು ಅದೇ ವಾರ.

“ಅಳಿಯಂದ್ರೇ,” ಎಂದರು ಅತ್ತೆ, ಬಾಗಿಲಿಗೆ ಅಡ್ಡ ನಿಂತು. “ಉಳ ನಾಕ್ನೇ ಜ್ವರ ಎದ್ದು ಮೇಯ್ತಾ ಅವೆ. ಪೌಡ್ರು ಮೆತ್ಕಂಡಿರೋ ಈವಯ್ಯ ಒಳೀಕೆ ಕಾಲಿಕ್ಕಿದ್ರೆ ಒಂದುಳಾನೂ ಉಳಿಯಾಕಿಲ್ಲ. ಮಿಂದ್ಕಂಡು ಬರ್ಲಿ.”

“ಮಿಂದ್ರೆ ದೆವ್ವ ಎಲ್ಲುಳೀತದವ್ವ?” ಎಂದ ಚಿಕ್ಕಣ್ಣ. “ಬೆಳಗ್ಗಿಂದ ಕುಂತು ಬಳ್ಕಂಡಿವ್ನಿ!”

“ಹಂಗಾರೆ ಜಗಲಿ ಮ್ಯಾಲೆ ಕುಂತ್ಕೊ.”

ಛಾಯಾಗ್ರಾಹಕನನ್ನು ಮಾತ್ರ ಬಾವಿಯ ನೀರಿನಲ್ಲಿ ಮೀಯಿಸಿ, ನಮ್ಮ ಮಾವನ ಮಡಿ ಪಂಚೆ ಉಡಿಸಿ, ಕ್ಯಾಮೆರಾ ಮತ್ತು ಟೇಪ್ ರೆಕಾರ್ಡರಿನ ಸಮೇತ ಒಳಗೆ ಬಿಟ್ಟರು. ದೆವ್ವ ಯಾವ ಕ್ಷಣದಲ್ಲಾದರೂ ಬರಬಹುದೆಂದು ನಂಬಿದ ಆ ಪುಣ್ಯಾತ್ಮ ಕ್ಯಾಮೆರಾ ಶುರು ಮಾಡಿದ. ಹೊರಗೆ ಅತ್ತೆಗೂ ದೆವ್ವಕ್ಕೂ ವಾದ ಬೆಳೆಯಿತು. ಮನೆಯವರೆಲ್ಲ ವಾದ ಕೇಳಲು ಜಗಲಿಗೆ ಬಂದರು. ಒಳಗೆ ಹಿಪ್ಪುನೇರಳೆ ಸೊಪ್ಪು ಹಾಕುವವರಿಲ್ಲದೆ ಮೇಯುವ ಸದ್ದು ತೆಳುವಾಯಿತು, ಇನ್ನೂ ತೆಳುವಾಯಿತು, ನಿಂತೇಹೋಯಿತು. ಆಗ ಅತ್ತೆಯ ಕಿವಿ ನೆಟ್ಟಗಾಯಿತು. “ಸೊಪ್ಪು ಹಾಕ್ರೋ, ಹಾಳಾದೋರೇ!” ಎಂದು ಅವರು ಕೂಗಿದ್ದು ಟೇಪಿನಲ್ಲಿ ಸ್ವಚ್ಛವಾಗಿ ದಾಖಲಾಯಿತು. ಅಷ್ಟರಲ್ಲಿ ರೀಲು ಮುಗಿಯಿತು. ನಮ್ಮಲ್ಲಿ ಉಳಿದಿದ್ದದ್ದು ಅದೊಂದೇ ರೀಲು.

ಹೀಗೆ ‘ಮತ್ತೆ ಬಂದಳು ರುದ್ರವ್ವ’ ಚಿತ್ರದಲ್ಲಿ ರುದ್ರವ್ವ ಬರಲೇ ಇಲ್ಲ. ಹತ್ತು ನಿಮಿಷ ಮಬ್ಬುಗತ್ತಲೆ, ಮೇಯುವ ಸದ್ದು, ಮೌನ, ಒಂದು ಕೂಗು, ಶುಭಂ.

ಚಿತ್ರ ನಾಡನ್ನು ಎರಡಾಗಿ ಸೀಳಿತು. ಚನ್ನಪಟ್ಟಣದ ಟೆಂಟಿನಲ್ಲಿ ಗೊಂಬೆ ಕಡೆಯುವವರು “ದೆವ್ವ ಎಲ್ಲಲೇ?” ಎಂದು ಪರದೆಗೆ ಚಪ್ಪಲಿ ಎಸೆದರು. ಕನಕಪುರದ ಟೆಂಟಿನಲ್ಲಿ ಸದ್ದು ನಿಂತೊಡನೆ ಹುಳು ಸಾಕುವ ಮನೆಯವರು ಒಟ್ಟಿಗೆ ಎದ್ದು, ಬೆವರುತ್ತಾ, ಸೊಪ್ಪು ಹಾಕಲು ಮನೆಗೆ ಓಡಿದರು. ಹಸಿದ ಹುಳುವಿನ ಮೌನ ಏನೆಂದು ಅವರಿಗೆ ಗೊತ್ತು. ಮಾಗಡಿ ಕಡೆ ಸೋಲೂರಿನಲ್ಲಿ ಅದೇ ದೃಶ್ಯಕ್ಕೆ ಗಂಡಿನ ಕಡೆಯವರು ನಕ್ಕರೆಂದು ಹೆಣ್ಣಿನ ತಾಯಿ, “ಇವ್ರು ಉಳ ಮೇಯ್ಸೋ ಜನ ಅಲ್ಲ ಬುಡಿ,” ಎಂದು ಸಂಬಂಧ ಮುರಿದಳು. ಉಳಿದವರು ಕ್ರಮೇಣ ಮರೆತರು. ಚಿಕ್ಕಣ್ಣನ ಪಾಡು ಮಾತ್ರ ಬೇರೆಯಾಯಿತು. ಅವನು ಸಂತೆಗೆ ಹೋದರೆ, “ಏನ್ಲಾ ಚಿಕ್ಕ, ಬಂದ್ಯಾ? ಕಾಣ್ತಾನೇ ಇಲ್ವಲ್ಲ!” ಎಂದು ಅವನ ಎದುರೇ ನಿಂತು ಹುಡುಕುತ್ತಿದ್ದರು. ಪೋಸ್ಟರಿನಲ್ಲಿ ಅವನಿದ್ದ, ಪರದೆಯಲ್ಲಿರಲಿಲ್ಲ.

ಹೊಸ ತಳಿಯ ಹುಳು ಸಾಕುವುದನ್ನು ಕಲಿಸಲು ಆ ದಿನಗಳಲ್ಲಿ ರಾಮನಗರಕ್ಕೆ ಜಪಾನಿನಿಂದ ಮೊರಿತಾ ಎಂಬ ತಜ್ಞರು ಬಂದಿದ್ದರು. ಊರಿನವರ ಬಾಯಲ್ಲಿ ಮೊರಿತಪ್ಪ. ಅವರು ಕನ್ನಡ ಕಲಿತದ್ದು ಗೂಡಿನ ಮಾರುಕಟ್ಟೆಯಲ್ಲಿ. ಊರಿಗೆ ಮರಳುವಾಗ ನಮ್ಮ ಚಿತ್ರದ ಕ್ಯಾಸೆಟ್ ಒಯ್ದರು. ಕೆಲವು ವರ್ಷಗಳ ಮೇಲೆ ಅವರಿಂದ ಕಾಗದ ಬಂತು: ತಮ್ಮ ಊರಿನಲ್ಲಿ ಪ್ರತಿ ವರ್ಷ ಈ ಚಿತ್ರವನ್ನು ಹಬ್ಬದಂತೆ ನೋಡುತ್ತಾರೆ, ಕೊನೆಯ ದೃಶ್ಯದಲ್ಲಿ ದೆವ್ವ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ‘ಕತ್ತಲ ಮೂಲೆಯಲ್ಲಿ ಇದ್ದಾನೆ’ ಎಂದು ನಾನು ಉತ್ತರ ಬರೆದೆ. ಬರೆಯಬಾರದಿತ್ತು. ಆದರೆ ಆ ಸಾಲು ಬರೆಯುವಾಗ ಚಿಕ್ಕಣ್ಣ ನನ್ನ ಎದುರು ಕುಳಿತಿದ್ದ. ಮುಂದಿನ ಕಾಗದದಲ್ಲಿ ಇಬ್ಬರಿಗೂ ವಿಮಾನದ ಟಿಕೆಟ್ಟು ಬಂತು.

“ಯಾವ್ ಮೂಲೆ ಅಂತ ಬರುದ್ರಿ?” ಎಂದು ಕೇಳಿದ ಚಿಕ್ಕಣ್ಣ.

“ಮೂಲೆ ಅಂತ ಬರೆದಿದ್ದೇನೆ, ಅಷ್ಟೆ.”

“ಮನೇಗೆ ನಾಕ್ ಮೂಲೆ ಇರ್ತವಲ್ಲ ಮೇಷ್ಟ್ರೇ.”

ವಿಮಾನ ನಿಲ್ದಾಣ

ಜಪಾನಿನ ಸುಂಕದ ಅಧಿಕಾರಿ ಚಿಕ್ಕಣ್ಣನ ಪೆಟ್ಟಿಗೆ ತೆರೆಸಿದ. ಒಂದು ಬಿಳಿ ಸೀರೆ, ಮೊಳಕಾಲುದ್ದದ ಕೂದಲು, ಮೇಣದಲ್ಲಿ ಮಾಡಿದ ಎರಡು ಕೋರೆಹಲ್ಲು, ನಾಲ್ಕು ಡಬ್ಬಿ ಪೌಡರು, ರಾಮನಗರದಲ್ಲಿ ಸನ್ಮಾನಕ್ಕೆಂದೇ ಕೊಂಡ ಅತ್ತರಿನ ಶೀಷೆ. ಅಧಿಕಾರಿ ಹಲ್ಲುಗಳನ್ನು ಚಿಮಟದಿಂದ ಎತ್ತಿ ಹಿಡಿದು ಪ್ರಶ್ನಾರ್ಥಕವಾಗಿ ನೋಡಿದ. ನನ್ನ ಇಂಗ್ಲಿಷು ಅವನಿಗೆ ತಿಳಿಯದು, ಅವನದು ನನಗೆ ತಿಳಿಯದು. ಚಿಕ್ಕಣ್ಣ ಹಲ್ಲು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ, ಕೂದಲು ಇಳಿಬಿಟ್ಟ, ಒಮ್ಮೆ ಕಿರುಚಿದ.

ಸಾಲಿನಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು. ಅಧಿಕಾರಿ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸೊಂಟ ಬಗ್ಗಿಸಿ ನಮಸ್ಕರಿಸಿದ. ಚಿಕ್ಕಣ್ಣನ ಕಣ್ಣಲ್ಲಿ ನೀರು.

“ನೋಡುದ್ರಾ ಮೇಷ್ಟ್ರೇ? ಗೌರವ!”

ಆ ಮನುಷ್ಯ ಎಲ್ಲರಿಗೂ ಹಾಗೆಯೇ ಬಗ್ಗುತ್ತಿದ್ದನೆಂದು ನಾನು ಹೇಳಲಿಲ್ಲ.

ಮೊದಲ ದಿನ: ಚಪ್ಪಲಿ

ಮೊರಿತಾ ಅವರ ಊರು ಗುಡ್ಡಗಳ ನಡುವೆ ಇದೆ. ಹೆಸರು ಅಷ್ಟು ಸಲ ಕೇಳಿದರೂ ನನ್ನ ನಾಲಿಗೆಗೆ ಹತ್ತಲಿಲ್ಲ. ರೈಲು ನಿಲ್ದಾಣದಲ್ಲಿ ಸೂಟು ತೊಟ್ಟು ಅವರು ಕಾದಿದ್ದರು.

“ಬನ್ನಿ ಮೇಷ್ಟ್ರೇ, ಬನ್ನಿ! ಯಾನ ಸುಸೂತ್ರ ಆಯ್ತಾ? ಲೇ ಚಿಕ್ಕಣ್ಣ, ಒಸಿ ದಪ್ಪ ಆಗ್ಬುಟ್ಟಿದ್ದೀಯಲ್ಲೋ!” ಎಂದರು. ಇಷ್ಟನ್ನೂ ಗಂಭೀರ ಮುಖದಲ್ಲಿ, ಸೊಂಟ ಬಗ್ಗಿಸಿಯೇ ಹೇಳಿದರು. ಅವರ ಕನ್ನಡದಲ್ಲಿ ಗೌರವವೂ ಬೈಗುಳವೂ ಗೂಡಿನ ರಾಶಿಯಲ್ಲಿ ಒಳ್ಳೆಯದೂ ಜೊಳ್ಳೂ ಬೆರೆತ ಹಾಗೆ ಬೆರೆತಿದ್ದವು. ಆರಿಸಿಕೊಳ್ಳುವುದು ಕೇಳುವವನ ಕೆಲಸ.

ಆ ದೇಶದಲ್ಲಿ ಬಾಗಿಲು ಕಂಡಲ್ಲೆಲ್ಲ ಚಪ್ಪಲಿ ಕಳಚಬೇಕು. ಒಳಗೆ ಬೇರೆ ಚಪ್ಪಲಿ, ಚಾಪೆಯ ಮೇಲೆ ಅದೂ ಇಲ್ಲ, ಪಾಯಿಖಾನೆಗೆ ಮತ್ತೊಂದು. ನೆಗಡಿಯಾದವನು ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಾನೆ. ಊರ ಸ್ನಾನದ ಮನೆಯಲ್ಲಿ ತೊಟ್ಟಿಗೆ ಇಳಿಯುವ ಮುಂಚೆಯೇ ಮೈಯೆಲ್ಲ ತಿಕ್ಕಿ ತೊಳೆಯಬೇಕು. ಯಾರೂ ದನಿ ಎತ್ತಿ ಮಾತಾಡುವುದಿಲ್ಲ. ನಮ್ಮ ಹಿಂದಿನ ಪ್ರವಾಸಿಗಳು ಇದನ್ನೆಲ್ಲ ನಾಗರಿಕತೆ ಎಂದು ಬರೆದಿದ್ದಾರೆ. ನನಗೆ ಸಂಜೆಯ ಹೊತ್ತಿಗೆ ಸತ್ಯ ಹೊಳೆಯಿತು: ಇಡೀ ದೇಶ ಒಂದು ಹುಳುಮನೆ. ಯಾವುದೋ ಕಾಲದಲ್ಲಿ ಯಾವುದೋ ಅತ್ತೆ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದನ್ನು ಇವರು ಇನ್ನೂ ಪಾಲಿಸುತ್ತಿದ್ದಾರೆ.

ಚಿಕ್ಕಣ್ಣ ಪಾಯಿಖಾನೆಯ ಚಪ್ಪಲಿಯಲ್ಲೇ ಊಟದ ಚಾಪೆಗೆ ಬಂದ. ಮನೆಯವರು ಏನೂ ಅನ್ನಲಿಲ್ಲ. ಮೊರಿತಾ ಮಾತ್ರ ನನ್ನ ಕಿವಿಯಲ್ಲಿ, “ಕುರಿ ಮನೆಯೋನಲ್ವಾ, ಬುಡಿ,” ಎಂದರು.

ಎರಡನೆಯ ದಿನ: ಎಡಮೂಲೆ, ಬಲಮೂಲೆ

ಬೆಳಿಗ್ಗೆ ಮೊರಿತಾ ಚಹದ ಬಟ್ಟಲು ಮುಂದಿಟ್ಟು ವಿಷಯ ಬಿಡಿಸಿ ಹೇಳಿದರು. ನನ್ನ ಕಾಗದ ಬಂದ ಮೇಲೆ ಊರಿನ ಅಭಿಮಾನಿಗಳಲ್ಲಿ ಎರಡು ಪಂಗಡವಾಗಿದೆಯಂತೆ. ದೆವ್ವ ಎಡಮೂಲೆಯಲ್ಲಿದೆ, ಚಂದ್ರಿಕೆಯ ಹಿಂದೆ ಏನೋ ಅಲುಗುತ್ತದೆ ಎಂದು ಕೆಲವರು. (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಅಲುಗಿದ್ದು ನಮ್ಮತ್ತೆಯ ಬೆಕ್ಕು.) ಬಲಮೂಲೆಯ ಕತ್ತಲೆಗೆ ಕಣ್ಣಿದೆ ಎಂದು ಉಳಿದವರು. ಅಂಚೆ ಕಚೇರಿಯವನು ಎಡ, ಅವನ ಹೆಂಡತಿ ಬಲ. ಅವರ ಮನೆಯಲ್ಲಿ ಬೇರೆ ಬೇರೆ ಅಡುಗೆ.

“ಮಧ್ಯಾಹ್ನ ಪಿಚ್ಚರ್ ಮುಗುದ್ಮೇಲೆ ಚಿಕ್ಕಣ್ಣ ಪರದೆ ಮುಂದೆ ನಿಂತು ಯಾವ್ ಮೂಲೆ ಅಂತ ಬೊಟ್ಟಿಕ್ಕಿ ತೋರಿಸ್ಬೇಕು. ಅಲ್ಲಿಗೆ ತೀರ್ಮಾನ,” ಎಂದರು ಮೊರಿತಾ.

ಅವರು ಹೋದ ಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

“ಎಡ ಅಂದುಬಿಡು,” ಎಂದೆ ನಾನು. “ಅಲ್ಲಿ ಬೆಕ್ಕಾದರೂ ಇದೆ.”

ಚಿಕ್ಕಣ್ಣ ಕೋರೆಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಉಜ್ಜುತ್ತಿದ್ದ. ಕೊನೆಗೆ ಹೇಳಿದ: “ಮೇಷ್ಟ್ರೇ, ನಮ್ಮೂರಲ್ಲಿ ಎಲ್ರೂ ನಾನು ಇಲ್ಲ ಅಂತಾರೆ. ಇಲ್ಲಿ ಎಲ್ರೂ ಇವ್ನೆ ಅಂತಾರೆ, ಜಾಗ ಒಂದೇ ಗೊತ್ತಿಲ್ಲ ಅಂತಾರೆ. ಒಂದ್ ಬೊಟ್ಟು ತೋರ್ಸುದ್ರೆ ಆಯ್ತು, ನಾನೂ ಆ ಪಿಚ್ಚರ್‌ನಾಗೆ ಇದ್ದಂಗೆ.”

“ಅದೇ ಮತ್ತೆ.”

“ಊಂ. ಅದೇ.”

ಆದರೆ ಅವನ ದನಿಯಲ್ಲಿ ನೆಮ್ಮದಿ ಇರಲಿಲ್ಲ. ಅವನು ಇಡೀ ಶೀಷೆ ಅತ್ತರನ್ನು ಮೈಗೆ ಸುರಿದುಕೊಂಡ.

ಅದೇ ದಿನ, ಪರದೆಯ ಮುಂದೆ

ಸಮುದಾಯ ಭವನ ತುಂಬಿತ್ತು. ಬಲಗಡೆ ಬಲಮೂಲೆಯವರು, ಎಡಗಡೆ ಎಡಮೂಲೆಯವರು. ಯುವಕರಿಗಿಂತ ಮುದುಕಿಯರೇ ಹೆಚ್ಚು. ಮುಂದಿನ ಸಾಲಿನಲ್ಲಿ ಮೊರಿತಾ ಅವರ ಅವ್ವ ಕೂತಿದ್ದರು. ಬೆನ್ನು ಕುಡುಗೋಲಿನ ಹಾಗೆ ಬಾಗಿದ, ಕೈಬೆರಳು ಸೊಪ್ಪಿನ ಕಲೆಯಿಂದ ಕಪ್ಪಾದ ಹೆಂಗಸು. ಒಂದಾನೊಂದು ಕಾಲದಲ್ಲಿ ಆ ಊರಿನ ಎಲ್ಲ ಮನೆಯ ಅಟ್ಟದಲ್ಲೂ ಹುಳುವಿತ್ತಂತೆ. ಈಗ ಇವರ ಮನೆ ಮತ್ತು ಇನ್ನೊಂದೆರಡು ಉಳಿದಿವೆ. ನಮ್ಮ ಕಡೆ ದಿನಕ್ಕೊಂದು ಹೊಸ ಹುಳುಮನೆ ಏಳುತ್ತಿದ್ದ ಕಾಲ ಅದು. ಹಾಗೂ ಆಗಬಹುದೇ ಎಂದು ನಾನು ಮರುಕದಿಂದ ತಲೆಯಾಡಿಸಿದೆ. ಮರುಕವೆಲ್ಲ ಅವರ ಮೇಲೆಯೇ.

ಚಿತ್ರದ ಮೊದಲ ಎರಡು ಗಂಟೆ ಅವರು ಆರಾಮವಾಗಿ ಹರಟುತ್ತಾ, ಉಪ್ಪು ಹಾಕಿದ ಏನನ್ನೋ ತಿನ್ನುತ್ತಾ ಕಳೆದರು. ಕಥೆಯನ್ನು ಯಾರೂ ನೋಡಲಿಲ್ಲ. ನಿರ್ದೇಶಕನಾಗಿ ನನಗೆ ನೋವಾಗಬೇಕಿತ್ತು. ಆದರೆ ಕಥೆ ನನಗೂ ಮರೆತುಹೋಗಿತ್ತು. ಕೊನೆಯ ರೀಲು ಬಂದೊಡನೆ ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ನೆಟ್ಟಗೆ ಕೂತರು. ಭವನದ ತುಂಬ ಕೋಡಿಹಳ್ಳಿಯ ಹುಳು ಮೇಯತೊಡಗಿದವು. ಮುದುಕಿಯರು ಕಣ್ಣು ಮುಚ್ಚಿಕೊಂಡರು. ಸದ್ದು ತೆಳುವಾಗುತ್ತಾ ಬಂದಾಗ ಒಬ್ಬೊಬ್ಬರ ಕೈಯೂ ತನ್ನಷ್ಟಕ್ಕೆ ತಾನೇ ಮಡಿಲಲ್ಲಿ ಅಲುಗಿತು, ಸೊಪ್ಪು ಹರಡುವ ಹಾಗೆ. ಸದ್ದು ನಿಂತಿತು. ನನ್ನ ಪಕ್ಕದ ಅಂಚೆಯವನು ಬೆವರುತ್ತಿದ್ದ.

ಮೌನದ ಕೊನೆಗೆ ಅತ್ತೆ ಕೂಗಿದರು. ಅವರ ಜೊತೆಗೆ ಇಡೀ ಭವನ, ಒಂದೇ ಕಂಠದಿಂದ, ಅಪ್ಪಟ ಕನ್ನಡದಲ್ಲಿ ಕೂಗಿತು:

“ಸೊಪ್ಪು ಹಾಕ್ರೋ, ಹಾಳಾದೋರೇ!”

ಅತ್ತೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಬದುಕಿದ್ದಾಗ ಆಕೆಯ ಮಾತನ್ನು ಇಷ್ಟು ಜನ ಒಟ್ಟಿಗೆ ಪಾಲಿಸಿದ್ದನ್ನು ನಾನು ಕಂಡಿರಲಿಲ್ಲ. ಕನ್ನಡಕ ಒರೆಸಿಕೊಂಡೆ. ಅದರ ಮೇಲೆ ದೂಳು ಕೂತಿತ್ತು.

ದೀಪ ಹತ್ತಿತು. ಚಿಕ್ಕಣ್ಣ ಸೀರೆ, ಕೂದಲು, ಹಲ್ಲು, ನಾಲ್ಕು ಡಬ್ಬಿ ಪೌಡರಿನ ಸಮೇತ ಪರದೆಯ ಮುಂದೆ ಬಂದು ನಿಂತ. ಚಪ್ಪಾಳೆಯೋ ಚಪ್ಪಾಳೆ. ಅವನ ಬದುಕಿನಲ್ಲಿ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಮೊರಿತಾ ಕೈಯೆತ್ತಿದರು. ಎರಡು ಪಂಗಡವೂ ಉಸಿರು ಬಿಗಿಹಿಡಿಯಿತು. ನಾನು ಎಡಗಣ್ಣು ಮಿಟುಕಿಸಿ ಎಡಮೂಲೆಯನ್ನು ಸೂಚಿಸಿದೆ.

ಚಿಕ್ಕಣ್ಣ ಕೈ ಎತ್ತಿದ. ಎಡಕ್ಕೆ ಒಯ್ದ. ಅಲ್ಲೇ ನಿಲ್ಲಿಸಿದ. ಆಮೇಲೆ ಬಾಯಿಯಿಂದ ಹಲ್ಲು ತೆಗೆದು ಸೆರಗಿಗೆ ಗಂಟು ಹಾಕಿಕೊಂಡ.

“ಮೊರಿತಪ್ಪಾರೇ,” ಎಂದ. “ಆಯಮ್ಮನ ದನಿ ಕೇಳುದ್ಮೇಲೆ ಸುಳ್ ಯೋಳಾಕೆ ಬಾಯಿ ಬರಾಕಿಲ್ಲ. ನಾನು ಯಾವ್ ಮೂಲೇಲೂ ಇರ್ಲಿಲ್ಲ. ಒಳೀಕೇ ಓಗ್ಲಿಲ್ಲ. ಪೌಡ್ರು ಹಾಕ್ಕಂಡಿವ್ನಿ ಅಂತ ಆಯಮ್ಮ ಬುಡ್ಲಿಲ್ಲ. ಜಗಲಿ ಮ್ಯಾಲೆ ಕುಂತಿದ್ದೆ. ಮೇಷ್ಟ್ರು ನನ್ನ ಮರ್ವಾದೆ ಉಳಿಸಾಕೆ ಅಂಗ್ ಬರುದ್ರು. ಇಷ್ಟು ಯೋಳ್ಬುಡಿ ಇವ್ರ್ಗೆ.”

ಮೊರಿತಾ ಅವನನ್ನು ನೋಡಿದರು, ನನ್ನನ್ನು ನೋಡಿದರು. ಬೇರೇನಾದರೂ ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಇದ್ದದ್ದನ್ನು ಇದ್ದ ಹಾಗೆ ಜಪಾನಿಯಲ್ಲಿ ಹೇಳಿದರು. ಎಡಮೂಲೆಯವರೂ ಬಲಮೂಲೆಯವರೂ ತಂತಮ್ಮ ಮೂಲೆಗಳನ್ನು ಕಳೆದುಕೊಂಡು ಕೂತಿದ್ದರು. ಟಿಕೆಟ್ಟಿನ ಹಣ ವಾಪಸು ಕೇಳಿದರೆ ಏನು ಗತಿ ಎಂದು ನಾನು ಯೋಚಿಸುತ್ತಿರುವಾಗ ಮುಂದಿನ ಸಾಲಿನಲ್ಲಿ ಮೊರಿತಾ ಅವರ ಅವ್ವ ಎದ್ದು ನಿಂತರು. ಚಿಕ್ಕಣ್ಣನ ಹತ್ತಿರ ಹೋಗಿ ಮೂಗರಳಿಸಿ ಒಮ್ಮೆ ಮೂಸಿದರು. ತಿರುಗಿ ಸಭೆಗೆ ಏನೋ ಹೇಳಿದರು.

“ನಮ್ಮವ್ವ ಯೋಳ್ತಾವ್ಳೆ,” ಎಂದರು ಮೊರಿತಾ, “ಆ ಹೆಣ್ಮಗ್ಳು ಸರ್ಯಾಗೇ ಮಾಡವ್ಳೆ. ಈ ವಾಸ್ನೆ ಹೊಡಿಯೋನ್ನ ನಾನೂ ಬುಡ್ತಿರ್ಲಿಲ್ಲ, ಅಂತ.”

ಒಬ್ಬ ಮುದುಕಿ ತಲೆದೂಗಿದಳು. ಇನ್ನೊಬ್ಬಳು ತಲೆದೂಗಿದಳು. ಸುದ್ದಿ ಸಾಲಿನಿಂದ ಸಾಲಿಗೆ ಹಬ್ಬಿತು: ದೆವ್ವವನ್ನೇ ಒಳಗೆ ಬಿಡದ ಹೆಂಗಸು! ಅಂಚೆಯವನ ಹೆಂಡತಿ ಎದ್ದು ಬಂದು ಗಂಡನ ಪಕ್ಕ ಕೂತಳು. ಆಮೇಲೆ ಎಲ್ಲರೂ ಎದ್ದು, ಚಿಕ್ಕಣ್ಣನ ಕಡೆಗಲ್ಲ, ಖಾಲಿ ಪರದೆಯ ಕಡೆಗೆ ತಿರುಗಿ ಸೊಂಟ ಬಗ್ಗಿಸಿದರು. ನಮಸ್ಕಾರ ಯಾರಿಗೆಂದು ನನಗೆ ತಿಳಿಯಿತು. ಚಿಕ್ಕಣ್ಣನಿಗೂ ತಿಳಿಯಿತು. ಅವನೂ ಆ ಕಡೆಗೇ ತಿರುಗಿ ಕೈಮುಗಿದ. ಚಪ್ಪಾಳೆಯನ್ನು ಮಾತ್ರ ಮತ್ತೆ ಯಾರೂ ತಟ್ಟಲಿಲ್ಲ.

ಮೂರನೆಯ ದಿನ: ಮೊರಿತಾ ಅವರ ಅವ್ವನ ಹುಳುಮನೆ

ಊರು ಬಿಡುವ ಮುಂಚೆ ಆ ಅಜ್ಜಿ ನಮ್ಮನ್ನು ತಮ್ಮ ಹುಳುಮನೆಗೆ ಕರೆದರು. ಅಲ್ಲೂ ಹುಳು ನಾಲ್ಕನೆಯ ಜ್ವರ ಎದ್ದಿದ್ದವು. ಚಿಕ್ಕಣ್ಣ ಬೆಳಗಿನ ಜಾವವೇ ಸ್ನಾನದ ಮನೆಗೆ ಹೋಗಿ ಮೈ ಕೆಂಪಾಗುವಷ್ಟು ತಿಕ್ಕಿಕೊಂಡು ಬಂದಿದ್ದ. ಪೌಡರಿಲ್ಲ, ಎಣ್ಣೆಯಿಲ್ಲ, ಎಲೆ ಅಡಿಕೆಯೂ ಇಲ್ಲ. ಒಂದು ಸಲವಾದರೂ ಹುಳುಮನೆಯ ಒಳಗೆ ನಿಲ್ಲಬೇಕೆಂದು ಅವನಿಗೆ ಛಲ.

ಅಜ್ಜಿ ಅಟ್ಟದ ಬಾಗಿಲಲ್ಲಿ ನಿಂತು ನನ್ನನ್ನು ಮೂಸಿ ಒಳಗೆ ಬಿಟ್ಟರು. ಚಿಕ್ಕಣ್ಣನನ್ನು ಮೂಸಿದರು. ಇನ್ನೊಮ್ಮೆ ಮೂಸಿದರು. ಅಡ್ಡ ಕೈ ಚಾಚಿದರು.

ರಾಮನಗರದ ಅತ್ತರು ಜಪಾನಿನ ಬಿಸಿನೀರಿಗೆ ಬಗ್ಗುವಂಥದಲ್ಲ.

“ಬುಡಿ ಮೇಷ್ಟ್ರೇ,” ಎಂದ ಚಿಕ್ಕಣ್ಣ, ಮೆಟ್ಟಿಲ ಮೇಲೆ ಕೂರುತ್ತಾ. “ನನ್ ಹಣೇಲಿ ಜಗಲೀನೇ ಬರುದೈತೆ.” ಅಜ್ಜಿ ಅವನಿಗೆ ಒಂದು ಬಟ್ಟಲು ಚಹ ತಂದುಕೊಟ್ಟರು. ನಮ್ಮತ್ತೆಯೂ ಆವತ್ತು ಬೈದು ಮುಗಿಸಿ ಜಗಲಿಗೇ ಮುದ್ದೆ ಸಾರು ತಂದುಕೊಟ್ಟಿದ್ದರು.

ಒಳಗೆ ನಮ್ಮಲ್ಲಿಯದೇ ಮಬ್ಬುಗತ್ತಲೆ, ನಮ್ಮಲ್ಲಿಯದೇ ಮೇಯುವ ಸೋನೆ. ಹುಳು ಮಾತ್ರ ನಮ್ಮವಕ್ಕಿಂತ ದಪ್ಪ, ಬಿಳಿ. ಅಜ್ಜಿ ಮಾತಿಗೆ ಶುರುಮಾಡಿದರು, ಮೊರಿತಾ ಕನ್ನಡಕ್ಕೆ ತಂದರು. ತಾನು ಸೊಸೆಯಾಗಿ ಬಂದ ವರ್ಷ ಈ ಅಟ್ಟದಲ್ಲಿ ಅತ್ತೆಯಿಂದ ತಿಂದ ಬೈಗುಳ, ಒಂದು ವರ್ಷ ಹುಳುವೆಲ್ಲ ಸುಣ್ಣಕಟ್ಟು ರೋಗ ತಗುಲಿ ಸತ್ತಾಗ ಇಡೀ ಬೀದಿ ಒಲೆ ಹಚ್ಚದೆ ಇದ್ದದ್ದು, ಒಂದೊಂದೇ ಮನೆ ಹುಳು ಬಿಟ್ಟು ರಾತ್ರಿಗಳು ಸದ್ದಿಲ್ಲದಾದದ್ದು. ತಾನು ಹೋದ ಮೇಲೆ ಈ ಮನೆಯಲ್ಲೂ ಸೊಪ್ಪು ಹಾಕುವವರು ಯಾರೂ ಇಲ್ಲ ಎಂದರು. ಮೊರಿತಾ ಆ ಮಾತನ್ನು ಕನ್ನಡಕ್ಕೆ ತರುವಾಗ ನನ್ನ ಮುಖ ನೋಡಲಿಲ್ಲ. ನಾನು ಹುಳುವಿನ ತಟ್ಟೆಯ ಅಂಚನ್ನು ಸವರುತ್ತಾ ನಿಂತೆ. ನಾವು ಮೂವರೂ ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು.

ಹೊರಗಿನಿಂದ ಕೂಗು ಬಂತು:

“ಸೊಪ್ಪು ಹಾಕ್ರೋ, ಹಾಳಾದೋರೇ!”

ಅದು ಚಿಕ್ಕಣ್ಣನ ದನಿಯಲ್ಲ. ರುದ್ರವ್ವನದೂ ಅಲ್ಲ. ಕೋಡಿಹಳ್ಳಿಯ ನಮ್ಮತ್ತೆಯದು, ಗಂಟಲಿನ ಆ ಸಣ್ಣ ಒಡಕಿನ ಸಮೇತ. ದೆವ್ವದ ಎರಡು ಚಿತ್ರ ತೆಗೆದವನು ನಾನು ಹೆದರಿದ್ದು ಅದೇ ಮೊದಲು. ಆಮೇಲೆ ತಿಳಿಯಿತು, ಮೇಯುವ ಸದ್ದು ಯಾವಾಗಲೋ ನಿಂತಿತ್ತು. ಒಳಗಿದ್ದ ನಮಗೆ ಕೇಳಿಸಿರಲಿಲ್ಲ. ಕೇಳಿಸಿದ್ದು ಜಗಲಿಯ ಮೇಲೆ ಕೂತಿದ್ದವನಿಗೆ.

ನನಗೆ ಅರಿವಾಗುವ ಮುಂಚೆ ನನ್ನ ಕೈ ಸೊಪ್ಪಿನ ಕಟ್ಟಿಗೆ ಹೋಗಿತ್ತು. ಮೊರಿತಾ ಸೂಟಿನ ತೋಳು ಮಡಿಸಿ ಇನ್ನೊಂದು ಕಟ್ಟು ಬಿಚ್ಚಿದರು. ಎಲ್ಲರಿಗಿಂತ ಮುಂದೆ ಅಜ್ಜಿ, ಆ ಬಾಗಿದ ಬೆನ್ನಿನಲ್ಲೇ ತಟ್ಟೆಯಿಂದ ತಟ್ಟೆಗೆ ಓಡುತ್ತಾ, ಹದಿನಾರರ ಸೊಸೆಯ ಹಾಗೆ ಬಾಗಿಲ ಕಡೆಗೆ ಏನೋ ಕೂಗಿ ಹೇಳಿದರು.

ಏನೆಂದು ನಾನು ಕೇಳಲಿಲ್ಲ. ಮೊರಿತಾ ತಾವಾಗಿಯೇ ಹೇಳಿದರು:

“‘ಬಂದೆ ಕಣತ್ತೆ, ಬಂದೆ’ ಅಂತಾವ್ಳೆ.”

ಒಳಗೆ ಮತ್ತೆ ಸೋನೆ ಹಿಡಿಯಿತು. ಹೊರಗೆ ದೆವ್ವ ಚಹ ಕುಡಿಯುವ ಸದ್ದು ಕೇಳಿಸಿತು.